ಮಿಸ್ ಎಂ. ಪೆರಿಯನಾಯಕಿ

ಹಾಳೆಯ ಅರ್ಧದವರೆಗೆ ಪೆನ್ನು ಎಲ್ಲೂ ತಡವರಿಸಲಿಲ್ಲ. ಹೆಸರು, ತಂದೆಯ ಹೆಸರು, ಹುಟ್ಟಿದ ತಾರೀಖು, ಎಸ್ಸೆಸ್ಸೆಲ್ಸಿ ಪಾಸಾದ ವರ್ಷ, ಆಮೇಲಿನ ದೈಹಿಕ ಶಿಕ್ಷಣದ ಟ್ರೈನಿಂಗು, ಕೊಯಮತ್ತೂರು ಜಿಲ್ಲೆಯ ಪರವಾಗಿ ಆಡಿದ ಬಾಲ್ ಬ್ಯಾಡ್ಮಿಂಟನ್ನು, ಅವಿನಾಶಿಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಿ.ಟಿ. ಟೀಚರಾಗಿದ್ದ ಎರಡು ವರ್ಷ, ಎಲ್ಲವೂ ಸೀಟಿ ಕೇಳಿದ ಹುಡುಗಿಯರ ಹಾಗೆ ಓಡಿಬಂದು ಸಾಲಾಗಿ ನಿಂತವು. 1974 ಎಂದು ಬರೆದು ಪಕ್ಕದಲ್ಲೊಂದು ಅಡ್ಡಗೆರೆ ಎಳೆದಾಗ ಪೆರಿಯನಾಯಕಿಯ ಕೈ ನಿಂತಿತು. ಈಗ 1986ರ ನವೆಂಬರು. ಆ ಗೆರೆಯ ಈ ತುದಿಯಲ್ಲಿ ಅವಳು ಅಡುಗೆಮನೆಯ ನೆಲದ ಮೇಲೆ, ಅಕ್ಕಿ ಡಬ್ಬದ ಮುಚ್ಚಳವನ್ನು ತೊಡೆಯ ಮೇಲೆ ಹಲಗೆಯಂತೆ ಇಟ್ಟುಕೊಂಡು, ಮಗಳ ರಫ್ ನೋಟಿನಿಂದ ಹರಿದ ಹಾಳೆಯ ಮುಂದೆ ಕೂತಿದ್ದಳು. ಹಾಲು ಉಕ್ಕಿತು. ಎದ್ದು ಇಳಿಸಿದಳು. ಮತ್ತೆ ಕೂತಳು. ಶನಿವಾರದಿಂದ ಮೈಯೊಳಗೆ ಏನೋ ಕುಣಿಯುತ್ತಿತ್ತು. ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ, ಕೂತಲ್ಲಿ ಕೂರಲಾಗುತ್ತಿರಲಿಲ್ಲ. ನಿನ್ನೆ ಸಾಂಬಾರಿಗೆ ಎರಡು ಸಲ ಉಪ್ಪು ಬಿದ್ದಿತ್ತು. ಅತ್ತೆ ಮುತ್ತಮ್ಮಾಳ್ ಒಂದು ಮಾತೂ ಆಡದೆ ಅದನ್ನು ಉಂಡು, ಚೊಂಬುಗಟ್ಟಲೆ ನೀರು ಕುಡಿದು ಮಲಗಿದ್ದರು.

ಶನಿವಾರ ಸುದ್ದಿ ತಂದವಳು ಪಕ್ಕದ ಮನೆಯ ವಿಜಯಕುಮಾರಿ. ರೈಲ್ವೆ ಗೇಟಿನ ಆಚೆಯ ಮೆಟ್ರಿಕ್ಯುಲೇಷನ್ ಶಾಲೆಯಲ್ಲಿ ಅವಳು ತಮಿಳು ಟೀಚರು. ಪೆರಿಯನಾಯಕಿಯ ಹಿರಿಯ ಮಗಳು ಈಶ್ವರಿ ಓದುತ್ತಿದ್ದುದೂ ಅಲ್ಲೇ. ಹೋದ ತಿಂಗಳು ಸಿಯೋಲ್‌ನಿಂದ ಓಟದ ಚಿನ್ನ ತಂದ ಹುಡುಗಿಯ ಚಿತ್ರ ಎಲ್ಲ ಪೇಪರುಗಳಲ್ಲೂ ಬಂದ ಮೇಲೆ ಶಾಲೆಯ ಆಡಳಿತದವರಿಗೂ ಆಟದ ಹುಚ್ಚು ಹತ್ತಿ, ನೆಟ್ಟು ಬ್ಯಾಟು ಎಲ್ಲ ಕೊಂಡು ತಂದಿಟ್ಟಿದ್ದರಂತೆ. ಆಡಿಸುವವರು ಇಲ್ಲ. "ಬುಧವಾರ ಸಾಯಂಕಾಲದೊಳಗೆ ಇಂಗ್ಲಿಷ್‌ನಾಗೆ ಬಯೋಡೇಟಾ ಟೈಪ್ ಮಾಡಿ ಕೊಡಬೇಕು ಅಕ್ಕ. ನಾನು ನಿಮ್ಮ ಹೆಸರು ಹೇಳಿಟ್ಟಿದೀನಿ," ಎಂದಿದ್ದಳು. ಬಾವಿಯ ಹಗ್ಗ ಹಿಡಿದಿದ್ದ ಪೆರಿಯನಾಯಕಿ ಕೊಡವನ್ನು ಅರ್ಧಕ್ಕೇ ಬಿಟ್ಟು, ಅದು ದಡದಡ ಕೆಳಗಿಳಿದು ನೀರಿಗೆ ಬಿದ್ದ ಸದ್ದಿಗೆ ತಾನೇ ಬೆಚ್ಚಿದ್ದಳು.

ಈವತ್ತು ಬುಧವಾರ. ಬೆಳಿಗ್ಗೆ ವರ್ಕ್‌ಶಾಪಿನ ಸಂಗು, ಅದೇ ಸೈರನ್ನು, ಕೂಗುವ ಮೊದಲೇ ಗಂಡ ಚೆನ್ನಕೇಶವನ್ ಸೈಕಲ್ಲನ್ನು ಹೊರಗಿಳಿಸಿ, ಟಿಫನ್ ಕ್ಯಾರಿಯರನ್ನು ಹ್ಯಾಂಡಲಿಗೆ ನೇತುಹಾಕುತ್ತ, "ಬರೆದ್ಯಾ ನಾಯಕಿ?" ಎಂದು ಕೇಳಿದ್ದ. ಅವಳು, ಇನ್ನೂ ಅರ್ಧ ಇದೆ, ಎಂದಿದ್ದಳು. "ಬರಿ ಬರಿ. ಅದರಾಗೇನು ನಷ್ಟ," ಎಂದು ಹೊರಟುಹೋಗಿದ್ದ. ಬೇಡ ಎಂದಿದ್ದರೆ ಜಗಳವಾಡಬಹುದಿತ್ತು. ಜಗಳಕ್ಕೆ ಬೇಕಾದ ಮಾತುಗಳನ್ನೆಲ್ಲ ಅವಳು ಭಾನುವಾರ ರಾತ್ರಿಯೇ ಒಟ್ಟುಮಾಡಿ ಇಟ್ಟುಕೊಂಡಿದ್ದಳು. ಆದರೆ ಅವನು ಮಗುವಿನ ಕೈಗೆ ಕಾಸು ಕೊಟ್ಟು ಅಂಗಡಿಗೆ ಕಳಿಸುವ ಹಾಗೆ ಅವಳನ್ನು ಬಿಟ್ಟುಕೊಟ್ಟಿದ್ದ. ಒಟ್ಟುಮಾಡಿದ ಮಾತುಗಳು ಬಳಕೆಯಾಗದೆ ಬಾಯಲ್ಲೇ ಉಳಿದು, ಹಲ್ಲುಜ್ಜಿದರೂ ಹೋಗದ ರುಚಿಯಂತೆ ಕಾಡುತ್ತಿದ್ದವು.

ಈಶ್ವರಿಯಾದರೂ ಬೇಡವೆಂದೇ ಹೇಳಿದ್ದಳು. ಜಡೆಗೆ ರಿಬ್ಬನ್ ಕಟ್ಟಿಸಿಕೊಳ್ಳುತ್ತ, ಬೆನ್ನು ತಿರುಗಿಸಿ ಕೂತಿದ್ದರಿಂದ ಧೈರ್ಯ ಬಂದವಳ ಹಾಗೆ, "ಅಮ್ಮಾ, ನೀ ನಮ್ಮ ಸ್ಕೂಲಿಗೇ ಬರಬೇಕಾ?" ಎಂದಳು.

"ಬಂದರೆ ಏನು?"

"ಬಂದ್ರೆ ನಾ ನಿನ್ನ ಮಗಳು ಅಂತ ಯಾರ ಹತ್ರಾನೂ ಹೇಳಬೇಡ. ಸೀರೆ ಉಟ್ಕೊಂಡು ನೀ ಓಡಿದ್ರೆ ಎಲ್ಲಾರೂ ನಗ್ತಾರೆ."

ರಿಬ್ಬನ್ನಿನ ಗಂಟು ಒಂದಿಷ್ಟು ಬಿಗಿಯಾಯಿತು. ಈಶ್ವರಿ "ಆ" ಎಂದಳು. ಈ ಹುಡುಗಿ ತನ್ನ ತಾಯಿ ಓಡಿದ್ದನ್ನು ಒಂದು ಸಲವೂ ನೋಡಿಲ್ಲವೆಂಬುದು ಆಗ ಪೆರಿಯನಾಯಕಿಗೆ ಹೊಳೆಯಿತು. ಬಸ್ಸಿಗಾಗಿ ಓಡಿದ್ದನ್ನು, ಮಳೆ ಬಂದಾಗ ಒಣಗಿದ ಬಟ್ಟೆಗೆ ಓಡಿದ್ದನ್ನು ನೋಡಿದ್ದಾಳೆ, ಅದು ಓಟವೇ? ಆದರೂ ಓಡುವಾಗ ಈ ಹುಡುಗಿ ತನ್ನ ಒಳಗೇ ಇದ್ದಳಲ್ಲ. ಅವಿನಾಶಿಯ ಬಯಲಿನಲ್ಲಿ, ಟೀಚರುಗಳ ಟೂರ್ನಮೆಂಟಿನ ದಿನ, ಬಿಸಿಲು ಮಣ್ಣಿನಿಂದ ಮೇಲೇಳುತ್ತಿತ್ತು. ನಾಲ್ಕು ತಿಂಗಳು ತುಂಬಿದ್ದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಗಂಡನಿಗೂ ಹೇಳಿರಲಿಲ್ಲ, ಹೇಳಿದರೆ ಆಟ ತಪ್ಪುತ್ತಿತ್ತು. ಹಳದಿ ಉಣ್ಣೆಯ ಚೆಂಡು ನೆಟ್ಟಿನ ಮೇಲಿಂದ ಹೂವಿನ ಹಾಗೆ ತೇಲಿ ಬಂದು ಅವಳೆದುರು ಇಳಿಯುವ ಆ ಗಳಿಗೆಯಲ್ಲಿ ಹೊಟ್ಟೆಯೂ ಇರಲಿಲ್ಲ, ಮಗುವೂ ಇರಲಿಲ್ಲ, ಬರೀ ಮಣಿಕಟ್ಟು ಇತ್ತು. ಗೆದ್ದರು. ಗೆದ್ದು ಕಪ್ಪಿನ ಸುತ್ತ ನಿಂತಿದ್ದಾಗ ಅವಳು ಬೇಲಿಯ ಹತ್ತಿರ ಓಡಿಹೋಗಿ ವಾಂತಿಮಾಡಿಕೊಂಡಳು. ಅಲ್ಲಿನ ಹೆಡ್‌ಮಿಸ್ಟ್ರೆಸ್ಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಹತ್ತಿರ ಬಂದು, ಎಲ್ಲರಿಗೂ ಕೇಳುವ ಹಾಗೆ, "ನಿನಗೆ ನಾಚಿಕೆಯಾಗಬೇಕು," ಎಂದರು. ಆ ವಾರವೇ ಕೆಲಸ ಬಿಟ್ಟಳು. ಮುತ್ತಮ್ಮಾಳ್ ಆಗಲೂ ಬೈಯಲಿಲ್ಲ. ಆದರೆ ಈಶ್ವರಿಗೆ ಜ್ವರ ಬಂದಾಗಲೆಲ್ಲ, ಹಲ್ಲು ತಡವಾಗಿ ಬಂದಾಗ, ನಡಿಗೆಯಲ್ಲಿ ಎಡವಿದಾಗ, ಅತ್ತೆಯ ಕಣ್ಣು ಒಂದು ಸಲ ಸೊಸೆಯ ಮುಖದ ಮೇಲೆ ಹಾದು ಹೋಗುತ್ತಿತ್ತು. ಹನ್ನೆರಡು ವರ್ಷ ಆ ಕಣ್ಣಿನ ದಾರಿಯಲ್ಲಿ ಬಾಳಿದ್ದಾಯಿತು. ಅದನ್ನು ಇಂಗ್ಲಿಷಿನಲ್ಲಿ ಏನೆಂದು ಬರೆಯುತ್ತಾರೆ?

"ಏನಮ್ಮಣಿ, ಇನ್ನೂ ಮುಗೀಲಿಲ್ಲವಾ?" ಮುತ್ತಮ್ಮಾಳ್ ಹೊಸ್ತಿಲ ಮೇಲೆ ಕೂತು ಸೊಪ್ಪು ಬಿಡಿಸುತ್ತಿದ್ದರು. ಅವರಿಗೆ ಯಾವ ಭಾಷೆಯ ಅಕ್ಷರವೂ ಬರುತ್ತಿರಲಿಲ್ಲ. ಆದರೂ ಹಾಳೆಯ ಕಡೆಗೆ ಕತ್ತು ಚಾಚಿ ನೋಡಿದರು. "ಇದರಾಗೆ ನನ್ನ ಹೆಸರೂ ಬರ್ತದಾ?"

"ಇಲ್ಲ ಅತ್ತೆ."

"ಅವನ್ದು?"

"ಇಲ್ಲ."

"ಮಕ್ಕಳ್ದು?"

"ಅದೂ ಬೇಡ ಅತ್ತೆ. ಕೆಲಸದ್ದು ಮಾತ್ರ ಬರೀಬೇಕು."

ಮುತ್ತಮ್ಮಾಳ್ ಒಂದು ಎಲೆಯನ್ನು ಬೆಳಕಿಗೆ ಹಿಡಿದು ಹುಳ ಇದೆಯೋ ಎಂದು ನೋಡಿದರು. "ಯಾರ ಹೆಸರೂ ಇಲ್ಲದೆ ಅದೆಂಗೆ ನಿಂತದೆ?" ಎಂದರು. ಅದರಲ್ಲಿ ಚುಚ್ಚುವ ದನಿ ಇರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳಿದ್ದರು. ಅವಳು ಹಾಳೆಯನ್ನು ಮಡಚಿ, ಹಳೆಯ ಸರ್ಟಿಫಿಕೇಟುಗಳ ಜೊತೆ ಬಟ್ಟೆಯ ಚೀಲದಲ್ಲಿಟ್ಟು, ಕಿರಿಯ ಮಗಳು ಭುವನಾ ಮಧ್ಯಾಹ್ನ ಬೀದಿಯ ಕೊನೆಯ ಶಾಲೆಯಿಂದ ಬಂದರೆ ಅನ್ನ ಹಾಕುವಂತೆ ಅತ್ತೆಗೆ ಹೇಳಿ, ಇದ್ದುದರಲ್ಲಿ ಹೊಸದಾದ ವಾಯಿಲ್ ಸೀರೆಯುಟ್ಟು ಹೊರಬಿದ್ದಳು.

ಪೋತ್ತನೂರಿನಿಂದ ಹೊರಟ ಟೌನ್ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬುಧವಾರದ ಬೆಳಗಿನ ಹೊತ್ತು, ಕೈಯಲ್ಲಿ ಮಕ್ಕಳಿಲ್ಲದೆ, ತರಕಾರಿ ಚೀಲವಿಲ್ಲದೆ, ಆಸ್ಪತ್ರೆಯ ಚೀಟಿಯಿಲ್ಲದೆ ಬಸ್ಸಿನಲ್ಲಿ ಕೂತಿದ್ದೇ ಒಂದು ಕಳ್ಳತನದ ಹಾಗೆ ಹಿತವಾಗಿತ್ತು. ಗಾಳಿಗೆ ಕೂದಲು ಹಾರಿತು. ಹಾರಲಿ ಎಂದು ಬಿಟ್ಟಳು. ಕುರಿಚ್ಚಿ ಕೆರೆಯ ಏರಿ ಹಾದುಹೋಯಿತು. ಮಿಲ್ಲಿನ ಗೇಟಿನ ಮುಂದೆ ಶಿಫ್ಟು ಮುಗಿಸಿದ ಹೆಂಗಸರು ಟೀ ಕುಡಿಯುತ್ತ ನಿಂತಿದ್ದರು. ತಲೆಯ ಮೇಲೆ ಹತ್ತಿಯ ಎಳೆ, ಕಾಲಲ್ಲಿ ರಬ್ಬರ್ ಚಪ್ಪಲಿ, ದೊಡ್ಡ ದನಿಯ ನಗು. ಅವರು ತನ್ನನ್ನು ನೋಡಿದರೆ ಕೆಲಸಕ್ಕೆ ಹೋಗುತ್ತಿರುವವಳು ಎಂದುಕೊಳ್ಳಬಹುದೇ? ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಳು. ಪಕ್ಕದ ಮುದುಕಿ, "ಯಾರಿಗೆ ಹುಷಾರಿಲ್ಲ ಮಗಳೇ?" ಎಂದು ತಮಿಳಿನಲ್ಲಿ ಕೇಳಿದಳು. ಪೆರಿಯನಾಯಕಿ ನಕ್ಕುಬಿಟ್ಟಳು.

ಕೋರ್ಟಿನ ಎದುರು ಬೇವಿನ ಮರಗಳ ಕೆಳಗೆ ಟೈಪ್‌ರೈಟರುಗಳ ಸಾಲು. ವಾಯಿದೆ, ಬಾಡಿಗೆ ಕರಾರು, ವಿಚ್ಛೇದನ, ಎಲ್ಲವೂ ಟಕಟಕ ಎಂದು ಒಂದೇ ಸದ್ದಿನಲ್ಲಿ ತಯಾರಾಗುತ್ತಿದ್ದವು. ಕೊನೆಯ ಮರದಡಿ ಬಿಡುವಾಗಿದ್ದ ವಯಸ್ಸಾದವರೊಬ್ಬರ ಮುಂದೆ ಅವಳು ಕೂತಳು. ಹಾಳೆ ತೆಗೆಯುವಾಗ ಚೀಲದ ಬಾಯಿಗೆ ಬಳೆ ಸಿಕ್ಕಿಕೊಂಡು, "ಅಯ್ಯೋ ಇದೊಂದು," ಎಂದು ತನಗೆ ತಾನೇ ಕನ್ನಡದಲ್ಲಿ ಗೊಣಗಿಕೊಂಡಳು. ಅವರ ಮುಖ ಅರಳಿತು.

"ನಮ್ಮ ಮಾತು ಆಡ್ತೀರಲ್ಲ ತಾಯಿ. ಯಾವೂರುಂಗ?"

"ಅವಿನಾಶಿ. ಈಗ ಪೋತ್ತನೂರು."

"ತರಿ ಮನೆಯವರಾ?"

"ಅಪ್ಪ ಮಗ್ಗ ಇಟ್ಟಿದ್ದರು. ಮಾರಪ್ಪನ್ ಅಂತ."

ಅವರ ಹೆಸರು ಸೆಲ್ಲಪ್ಪನ್. ಮಾರಪ್ಪನ್ ಅವರಿಗೆ ಗೊತ್ತಿರಲಿಲ್ಲ. ಆದರೂ ಗೊತ್ತಿದ್ದವರ ಹಾಗೆ ತಲೆಯಾಡಿಸಿ, ಸರ್ಟಿಫಿಕೇಟುಗಳನ್ನು ಇಸಿದುಕೊಂಡು ಒಂದರ ಮೇಲೊಂದು ಇಟ್ಟು, ಕಾರ್ಬನ್ ಸೇರಿಸಿ ಹಾಳೆ ಏರಿಸಿದರು. ಅವರ ಬೆರಳುಗಳು ಬೀಳುವುದನ್ನು ನೋಡುತ್ತ ಪೆರಿಯನಾಯಕಿ ಮುಂದಕ್ಕೆ ಬಾಗಿ ಕೂತಳು. ಒಂದೊಂದು ಅಕ್ಷರವೂ ಹೊಡೆತ ತಿಂದು ಕಾಗದದ ಮೇಲೆ ನೆಲೆ ನಿಲ್ಲುತ್ತಿತ್ತು. ಅಳಿಸಿಹೋಗದ ಹಾಗೆ, ಯಾರೂ ಅಲ್ಲವೆನ್ನಲಾಗದ ಹಾಗೆ. ತಾನು ಜಿಲ್ಲೆಗೆ ಆಡಿದವಳು. ಇದೋ, ಆ ಯಂತ್ರವೂ ಹೇಳುತ್ತಿದೆ. ಗೆರೆಯ ಹತ್ತಿರ ಬಂದಾಗ ಅವರ ಬೆರಳೂ ನಿಂತಿತು.

"ಎಪ್ಪತ್ತನಾಲ್ಕರಿಂದ ಈವತ್ತಿನವರೆಗೆ ಏನು ಹಾಕಲಿ ತಾಯಿ?"

"ಏನು ಹಾಕ್ತಾರೆ?"

"ಹೌಸ್‌ಹೋಲ್ಡ್ ಡ್ಯೂಟೀಸ್ ಅಂತ ಹಾಕ್ತಾರೆ ಕೆಲವರು. ಟ್ಯೂಷನ್ ಹೇಳಿಕೊಡ್ತಿದ್ದೆ ಅಂತ ಹಾಕ್ತಾರೆ ಕೆಲವರು. ಯಾರು ಹೋಗಿ ನೋಡ್ತಾರೆ."

ಡ್ಯೂಟಿ ಎಂದರೆ ಅವಳಿಗೆ ಚೆನ್ನಕೇಶವನ್‌ನ ಖಾಕಿ ಅಂಗಿ ಕಣ್ಣಿಗೆ ಬಂತು. ಭುವನಾ ಹುಟ್ಟಿದ ವರ್ಷ ಎರಡು ಮಕ್ಕಳಿಗೂ ಮೈಮೇಲೆ ಅಮ್ಮ ಎದ್ದು, ಕತ್ತಲಕೋಣೆಯಲ್ಲಿ ಬೇವಿನ ಸೊಪ್ಪು ಹಾಸಿ ಕೂತ ದಿನಗಳು ನೆನಪಾದವು. ಅದಕ್ಕೆ ಆ ಮಾತು ಹೊಂದುವುದಿಲ್ಲ. "ಏನೂ ಬೇಡ. ಬಿಟ್ಟುಬಿಡಿ," ಎಂದಳು. ಸೆಲ್ಲಪ್ಪನ್ ಹಾಳೆಯನ್ನು ಎರಡು ಗೆರೆ ಮೇಲೇರಿಸಿ, ತಾರೀಖು ಹೊಡೆದು, ಸರಕ್ಕನೆ ಎಳೆದು ಕೊಟ್ಟರು.

ಅವಳ ಕಣ್ಣು ಮೊದಲು ಬಿದ್ದದ್ದು ಮೇಲಿನ ಸಾಲಿನ ಮೇಲೆ. ಸರ್ಟಿಫಿಕೇಟಿನಲ್ಲಿ ತಮಿಳಿನಲ್ಲಿ 'ಸೆಲ್ವಿ', ಅಂದರೆ ಕುಮಾರಿ, ಎಂದಿದ್ದುದನ್ನು ಅವರು ಹಾಗೆಯೇ ಇಂಗ್ಲಿಷಿಗೆ ತಂದಿದ್ದರು. ಮಿಸ್ ಎಂ. ಪೆರಿಯನಾಯಕಿ. ಎಂ ಎಂದರೆ ಮಾರಪ್ಪನ್. ಮದುವೆಯ ನಂತರ ಆ ಅಕ್ಷರ ಹೋಗಿ ಅದರ ಜಾಗದಲ್ಲಿ ಗಂಡನ ಸಿ ಬಂದು ಕೂತಿತ್ತು. ರೇಷನ್ ಕಾರ್ಡಿನಲ್ಲಿ, ಆಸ್ಪತ್ರೆಯ ಚೀಟಿಗಳಲ್ಲಿ, ಎಲ್ಲ ಕಡೆಯೂ. ಈಗ ಆ ಹಳೆಯ ಅಕ್ಷರ ಮುಂದಿನ ಬಾಗಿಲಿನಿಂದಲೇ ಒಳಗೆ ಬಂದಿತ್ತು. ಹಾಳೆ ಚೊಕ್ಕಟವಾಗಿತ್ತು. ಹುಟ್ಟಿದಳು, ಓದಿದಳು, ಆಡಿದಳು, ಆಡಿಸಿದಳು. ಅಷ್ಟೇ. ಅದರ ಕೆಳಗೆ ಬೆಳ್ಳಗೆ ಖಾಲಿ ಜಾಗ, ಸುಣ್ಣದ ಗೆರೆ ಎಳೆಯುವ ಮೊದಲಿನ ಬಯಲಿನ ಹಾಗೆ. ಅವಳ ಕಿವಿ ಬಿಸಿಯಾಯಿತು. ತಪ್ಪಾಗಿದೆ, ತಿದ್ದಿ ಎಂದು ಹೇಳಬೇಕಿತ್ತು. ನಾಲಿಗೆಯ ತುದಿಗೂ ಬಂದಿತ್ತು. "ಸರಿ ಇದೆಯಾ ತಾಯಿ?" ಎಂದು ಸೆಲ್ಲಪ್ಪನ್ ಕೇಳಿದಾಗ, "ಸರಿ ಇದೇಂಗ," ಎಂದು ಕಾಸು ಕೊಟ್ಟು ಎದ್ದಳು.

ಬಸ್ಸಿನಲ್ಲಿ ಪೆನ್ನು ತೆಗೆದು ತಾನೇ ತಿದ್ದಿದರಾಯಿತು ಎಂದುಕೊಂಡಿದ್ದಳು. ಬಸ್ಸು ಅಲುಗಾಡುತ್ತಿದೆ, ಇಳಿದ ಮೇಲೆ ತಿದ್ದಿದರಾಯಿತು ಎಂದುಕೊಂಡಳು. ಮತ್ತೆ ಮತ್ತೆ ಹಾಳೆ ತೆಗೆದು ಓದಿದಳು. ಪ್ರತಿ ಸಲ ಓದಿದಾಗಲೂ ಮೈಯಲ್ಲಿ ಅದೇ ಜುಮ್ಮೆನ್ನುವಿಕೆ. ಅದರ ಹಿಂದೆಯೇ, ಜಾತ್ರೆಯಲ್ಲಿ ಕೈಬಿಟ್ಟ ಮಗುವಿನ ನೆನಪಾದ ತಾಯಿಯ ಹಾಗೆ ಎದೆ ಧಸಕ್ಕೆನ್ನುವುದು. ಮಕ್ಕಳಿಲ್ಲದ ಹಾಳೆ ಎಷ್ಟು ಚೆಂದ ಕಾಣುತ್ತಿದೆ ಎಂದು ತನ್ನ ಮನಸ್ಸು ಹೇಳಿತಲ್ಲ. ಮಕ್ಕಳನ್ನು ಶಪಿಸಲಿಲ್ಲ, ಬೇಡವೆನ್ನಲಿಲ್ಲ. ಚೆಂದ ಕಾಣುತ್ತಿದೆ ಎಂದಿತು, ಅಷ್ಟೇ. ಅದು ಶಾಪಕ್ಕಿಂತ ಕಡಿಮೆಯೋ ಹೆಚ್ಚೋ ಅವಳಿಗೆ ತಿಳಿಯಲಿಲ್ಲ. ಹೊಟ್ಟೆಯಲ್ಲಿದ್ದಾಗ ಒಂದು ಸಲ ಮರೆಮಾಚಿದ್ದು ಈಶ್ವರಿಯನ್ನೇ. ಈಗ ಎರಡನೆಯ ಸಲ. ಅದೂ ಆ ಹುಡುಗಿ ಓದುವ ಶಾಲೆಗೇ ಈ ಹಾಳೆ ಹಿಡಿದು ಹೋಗುತ್ತಿದ್ದೇನೆ, ಅಲ್ಲಿನ ಟೀಚರುಗಳಿಗೆಲ್ಲ ಗೊತ್ತು, ಇದೆಂಥ ಮಂಕು ಎಂದು ತಲೆ ಹೇಳುತ್ತಿತ್ತು. ಕಾಲುಗಳು ಮಾತ್ರ ಬಸ್ಸಿಳಿದು, ಗೇಟು ದಾಟಿ, ಮಣ್ಣಿನ ರಸ್ತೆಯಲ್ಲಿ, ಸೀರೆಯ ನೆರಿಗೆಗೆ ಸಿಗುವಷ್ಟು ದೊಡ್ಡ ದೊಡ್ಡ ಹೆಜ್ಜೆ ಹಾಕುತ್ತಿದ್ದವು. ಶಾಲೆಯ ಫಲಕ ಕಂಡಾಗ ಪೆನ್ನು ಚೀಲದಲ್ಲೇ ಇತ್ತು.

ಹೆಡ್‌ಮಿಸ್ಟ್ರೆಸ್ಸಿನ ಕೋಣೆಯಲ್ಲಿ ವಿಜಯಕುಮಾರಿಯೂ ಇದ್ದಳು. ಪರೀಕ್ಷೆಯ ಕಾಗದಗಳನ್ನು ಜೋಡಿಸುತ್ತಿದ್ದವಳು ಪೆರಿಯನಾಯಕಿಯನ್ನು ನೋಡಿ ಕಣ್ಣಲ್ಲೇ ನಕ್ಕಳು. ಹೆಡ್‌ಮಿಸ್ಟ್ರೆಸ್ಸು ನಾಚಿಯಮ್ಮ ಒಣಕಲು ಮೈಯವರು, ಮಾತು ಕಡಿಮೆ. ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ ಓದಿದರು. ಓದಿ ಮುಗಿಸಿದವರು ಮತ್ತೆ ಮೇಲಿನ ಸಾಲಿಗೆ ಹೋದರು. ಆಮೇಲೆ ಅವರ ನೋಟ ಪೆರಿಯನಾಯಕಿಯ ಕೊರಳಿನ ತಾಳಿಗೆ, ಅಲ್ಲಿಂದ ಕಾಲುಂಗುರಕ್ಕೆ ಇಳಿದು, ಹಾಳೆಗೆ ವಾಪಸಾಯಿತು.

"ನಮ್ಮ ಸೆವೆಂತ್ ಬಿ ಈಶ್ವರಿ ನಿಮ್ಮ ಮಗಳಲ್ಲವಾ?" ಎಂದು ತಮಿಳಿನಲ್ಲಿ ಕೇಳಿದರು.

"ಹೌದು ಮೇಡಂ."

"ಇಲ್ಲಿ ಮಿಸ್ ಅಂತ ಇದೆ."

ವಿಜಯಕುಮಾರಿಯ ಕೈಯಲ್ಲಿದ್ದ ಕಾಗದಗಳ ಸದ್ದು ನಿಂತಿತು. ಟೈಪು ಮಾಡಿದವರ ತಪ್ಪು ಎಂದರೆ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಪೆರಿಯನಾಯಕಿ ಬಾಯಿ ತೆರೆದಳು. ಬೇವಿನ ಮರದಡಿ ಕೂತು, ತನ್ನ ಭಾಷೆ ಕೇಳಿ ಮುಖ ಅರಳಿಸಿದ ಮುದುಕನ ಮೇಲೆ ಅದನ್ನು ಹೊರಿಸಲು ನಾಲಿಗೆ ಏಳಲಿಲ್ಲ.

"ಹಳೇ ಸರ್ಟಿಫಿಕೇಟ್ ನೋಡಿ ಹಾಗೆ ಹೊಡೆದರು, ಮೇಡಂ. ಅಲ್ಲೇ ನನ್ನ ಕಣ್ಣಿಗೆ ಬಿತ್ತು. ನಾನೇ ತಿದ್ದಿಸಲಿಲ್ಲ."

"ಯಾಕೆ?"

"ನೋಡೋಕೆ ಚೆನ್ನಾಗಿತ್ತು."

ಹೇಳಿಬಿಟ್ಟ ಮೇಲೆ ಅವಳ ಮುಖವೆಲ್ಲ ಉರಿಯಿತು. ಅವಿನಾಶಿಯ ಬೇಲಿಯ ಹತ್ತಿರ ನಿಂತಿದ್ದಾಗ ಉರಿದ ಹಾಗೆಯೇ. ಈಗ ಆ ಮಾತು ಬರುತ್ತದೆ, ನಾಚಿಕೆಯಾಗಬೇಕು ನಿನಗೆ, ಎಂದು ಕಾದಳು. ನಾಚಿಯಮ್ಮ ನಗಲೂ ಇಲ್ಲ, ಬೈಯಲೂ ಇಲ್ಲ. ಆ ಹಾಳೆಯನ್ನು ಮೇಜಿನ ಮೇಲೆ ತಿರುಗಿಸಿ, ಅವಳ ಕಡೆಗೆ ತಳ್ಳಿ, ತಮ್ಮ ಪೆನ್ನನ್ನು ಅದರ ಮೇಲಿಟ್ಟರು. "ತಿದ್ದಿ. ಮಧ್ಯದಲ್ಲಿ ಖಾಲಿ ಬಿಟ್ಟಿದೀರಲ್ಲ, ಅಲ್ಲೂ ಏನಾದರೂ ಬರೀರಿ. ಮ್ಯಾನೇಜ್‌ಮೆಂಟಿನವರು ಕೇಳ್ತಾರೆ."

ಪೆರಿಯನಾಯಕಿ ನಿಂತುಕೊಂಡೇ ಬಗ್ಗಿ ಬರೆದಳು. ಮಿಸ್ ಎಂಬುದರ ಮೇಲೆ ಗೆರೆ ಎಳೆದಳು. ಎಳೆಯುವಾಗ ಸ್ವಲ್ಪ ನೋವಾಯಿತು, ಸುಳ್ಳೇಕೆ. ಖಾಲಿ ಜಾಗಕ್ಕೆ ಬಂದಾಗ ಇಂಗ್ಲಿಷು ಕೈಕೊಟ್ಟಿತು, ಯೋಚಿಸಲು ಹೊತ್ತಿರಲಿಲ್ಲ. ತಮಿಳಿನಲ್ಲೇ, ಟೈಪಿನ ಅಕ್ಷರಗಳ ಪಕ್ಕ ಸೊಟ್ಟಸೊಟ್ಟಗೆ, 'ಮನೆಯಲ್ಲಿದ್ದೆ. ಎರಡು ಹೆಣ್ಣುಮಕ್ಕಳನ್ನು ಬೆಳೆಸಿದೆ. ಆಡಲಿಲ್ಲ,' ಎಂದು ಬರೆದಳು. ಕೊನೆಯ ಮಾತು ಎಲ್ಲಿಂದ ಬಂತೋ. ನಾಚಿಯಮ್ಮ ಅದನ್ನು ಓದಿ ಬಹಳ ಹೊತ್ತು ಆ ಜಾಗದಲ್ಲೇ ಬೆರಳಿಟ್ಟುಕೊಂಡಿದ್ದರು.

"ಈಗ ಸೆವೆಂತ್ ಬಿಗೆ ಪಿ.ಟಿ. ಪೀರಿಯಡ್ಡು. ಟೀಚರಿಲ್ಲದೆ ಮರದ ಕೆಳಗೆ ಕೂತು ಹರಟುತ್ತಿರುತ್ತಾರೆ," ಎಂದರು. "ಬ್ಯಾಟುಗಳು ಆ ಮೂಲೆಯಲ್ಲಿವೆ. ತಗೊಂಡು ಹೋಗಿ."

"ಸೆವೆಂತ್ ಬಿ?"

"ಏಕೆ, ಬೇರೆ ಕ್ಲಾಸು ಬೇಕಾ?"

"ಬೇಡ ಮೇಡಂ," ಎಂದಳು ಪೆರಿಯನಾಯಕಿ.

ಬ್ಯಾಟುಗಳ ಕಟ್ಟಿಗೆ ಸುತ್ತಿದ ಸಣಬಿನ ದಾರವನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ. ಹಲ್ಲಿನಿಂದ ಕಡಿದು ಬಿಚ್ಚಿದಳು. ಹೊಸ ಹುರಿಯ ವಾಸನೆ, ವಾರ್ನಿಷಿನ ವಾಸನೆ. ಒಂದನ್ನು ಕೈಗೆ ತೆಗೆದುಕೊಂಡಾಗ ಅದು ನೆನಪಿಗಿಂತ ಭಾರವಾಗಿತ್ತು. ಬಯಲಿನಲ್ಲಿ ಮದುಕ್ಕರೈ ಕಡೆಯಿಂದ ಒಣಗಾಳಿ ಬೀಸುತ್ತಿತ್ತು. ಮರದ ನೆರಳಿನ ಹುಡುಗಿಯರು ಅವಳು ಬರುವುದನ್ನು ನೋಡಿ ಎದ್ದು ನಿಂತರು, ಉದ್ದ ಲಂಗಗಳ ಧೂಳು ಕೊಡವಿಕೊಂಡರು. ಅವರ ನಡುವೆ ಈಶ್ವರಿ. ಅವಳು ತಾಯಿಯನ್ನು ನೋಡಿದಳು. ನೋಡಿದ ಕೂಡಲೇ ಪಕ್ಕದವಳ ಕಾಲರು ಸರಿಮಾಡುವವಳ ಹಾಗೆ ಅತ್ತ ತಿರುಗಿಕೊಂಡಳು. ಸರಿ, ಹೇಳುವುದಿಲ್ಲ ಎಂದು ಮಾತು ಕೊಡದಿದ್ದರೂ ಕೊಟ್ಟಹಾಗೆಯೇ ಆಯಿತು ಎಂದುಕೊಂಡಳು ಪೆರಿಯನಾಯಕಿ. ನೆಟ್ಟು ಕಟ್ಟಿಸಿದಳು. ಚಪ್ಪಲಿ ಬಿಟ್ಟು, ಸೆರಗನ್ನು ಸೊಂಟಕ್ಕೆ ಸುತ್ತಿ ಸಿಕ್ಕಿಸಿ, ನೆರಿಗೆಯನ್ನು ಮೊಣಕಾಲ ಹತ್ತಿರ ಎತ್ತಿ ಗಂಟು ಹಾಕಿದಳು. ಉದ್ದನೆಯ ಹುಡುಗಿಯೊಬ್ಬಳು ಬಾಯಿಗೆ ಕೈ ಅಡ್ಡ ಹಿಡಿದು, "ಮಿಸ್, ನಿಮಗೆ ಓಡೋಕೆ ಬರ್ತದಾ?" ಎಂದಳು. ಸಾಲಿನುದ್ದಕ್ಕೂ ಕಿಸಕಿಸ ನಗು ಹರಿಯಿತು. ಈಶ್ವರಿ ನೆಲ ನೋಡುತ್ತಿದ್ದಳು.

ಮೊದಲ ಚೆಂಡನ್ನು ಪೆರಿಯನಾಯಕಿ ಹೊಡೆಯಲೇ ಇಲ್ಲ. ಬ್ಯಾಟು ಗಾಳಿಯನ್ನು ಸೀಳಿ ಹೋಯಿತು, ಚೆಂಡು ಕಾಲ ಬಳಿ ಬಿತ್ತು. ಎರಡನೆಯದು ನೆಟ್ಟಿಗೆ ಹೋಗಿ ಸಿಕ್ಕಿಕೊಂಡಿತು. ಈಗ ನಗುವನ್ನು ಯಾರೂ ಮುಚ್ಚಿಡಲಿಲ್ಲ. ಕಣ್ಣು ಹೇಳಿದ್ದು ಕೈಗೆ ಮುಟ್ಟುವಷ್ಟರಲ್ಲಿ ಹೊತ್ತು ಮೀರುತ್ತಿತ್ತು. ಹನ್ನೆರಡು ವರ್ಷ ಬಟ್ಟೆ ಒಗೆದ, ಹಿಟ್ಟು ರುಬ್ಬಿದ ಭುಜ ಅದು, ಬಲವಿತ್ತು, ಚುರುಕಿರಲಿಲ್ಲ. ಇಷ್ಟೆಯೇ, ಇದಕ್ಕೇ ಇಷ್ಟು ಹಾರಾಡಿದೆಯಾ ಎಂದು ಒಳಗೊಂದು ದನಿ ಅತ್ತೆಯ ದನಿಯಂತೆ, ಗಂಡನ ದನಿಯಂತೆ, ಅವಿನಾಶಿಯ ಹೆಡ್‌ಮಿಸ್ಟ್ರೆಸ್ಸಿನ ದನಿಯಂತೆ ಕೇಳಿತು. ಬೆವರು ಹಣೆಯ ಕುಂಕುಮವನ್ನು ಕಣ್ಣಿಗೆ ಇಳಿಸಿತು. ಒರೆಸಿಕೊಂಡಳು. "ಇನ್ನೊಂದು ಹಾಕು," ಎಂದಳು. ಆಚೆ ಕಡೆಯ ಉದ್ದ ಹುಡುಗಿ ಹಾಕಿದಳು. ಚೆಂಡು ಎತ್ತರಕ್ಕೆ ಹೋಗಿ, ಬಿಸಿಲಿನಲ್ಲಿ ಕರಗಿ, ಮತ್ತೆ ಹಳದಿಯಾಗಿ ಇಳಿಯತೊಡಗಿತು. ಅದು ಎಲ್ಲಿ ಇಳಿಯುತ್ತದೆಂದು ಅವಳು ಯೋಚಿಸಲಿಲ್ಲ. ಕಾಲುಗಳು ಆಗಲೇ ಅಲ್ಲಿದ್ದವು. ಮಣಿಕಟ್ಟು ತಿರುಗಿತು. 'ಟಪ್' ಎಂದು ತುಂಬಿದ ಸದ್ದು, ಅಂಗೈಯಿಂದ ಮೊಣಕೈಗೆ, ಮೊಣಕೈಯಿಂದ ಎದೆಗೆ ಹರಿದ ನಡುಕ. ಚೆಂಡು ನೆಟ್ಟನ್ನು ಸವರಿಕೊಂಡೇ ಹೋಗಿ ಆಚೆ ಹುಡುಗಿಯ ಕಾಲಬುಡದಲ್ಲಿ ಬಡಿದು, ಧೂಳೆಬ್ಬಿಸಿ ಬೇಲಿಯವರೆಗೆ ಉರುಳಿತು. ನಗು ಕತ್ತರಿಸಿಟ್ಟ ಹಾಗೆ ನಿಂತುಹೋಯಿತು.

ಆಮೇಲಿನದು ಅವಳಿಗೆ ತುಂಡುತುಂಡಾಗಿ ಮಾತ್ರ ನೆನಪು. ಐದೈದು ಹುಡುಗಿಯರನ್ನು ಎರಡೂ ಕಡೆ ನಿಲ್ಲಿಸಿದ್ದು. ತಾನು ಕೂಗುತ್ತಿದ್ದುದು, ಆ ಕೂಗು ತನ್ನ ಗಂಟಲಿನದೇ ಎಂದು ಬೆರಗಾದದ್ದು. ಓಡಿದ್ದು, ಮತ್ತೆ ಓಡಿದ್ದು. ಬ್ಯಾಟನ್ನು ಹೇಗೆ ಹಿಡಿಯಬೇಕೆಂದು ಒಬ್ಬೊಬ್ಬರ ಕೈ ಹಿಡಿದು ತೋರಿಸುತ್ತ ಸಾಲಿನಲ್ಲಿ ಬಂದಾಗ ಈಶ್ವರಿಯ ಸರದಿ ಬಂತು. ಹುಡುಗಿ ತಲೆಯೆತ್ತದೆ ಬ್ಯಾಟು ಚಾಚಿ, "ಹಿಂಗಾ ಮಿಸ್?" ಎಂದಳು. ಶಾಲೆಯಲ್ಲಿ ಮದುವೆಯಾದ ಟೀಚರೂ ಮಿಸ್ಸೇ, ಮುದುಕಿ ಟೀಚರೂ ಮಿಸ್ಸೇ. ಆದರೂ ಬೆಳಗಿನಿಂದ ಆಸೆಪಟ್ಟು, ಕದ್ದು, ಸಿಕ್ಕಿಬಿದ್ದು, ಗೆರೆ ಎಳೆದು ತೊಡೆದ ಆ ಮಾತು ಮಗಳ ಬಾಯಲ್ಲಿ ಬಂದಾಗ ಪೆರಿಯನಾಯಕಿಗೆ ಯಾರೋ ಬೆನ್ನಿಗೆ ತಣ್ಣೀರು ಎರಚಿದಂತಾಯಿತು. ಮಗಳ ಮಣಿಕಟ್ಟು ಹಿಡಿದು ತಿರುಗಿಸಿದಳು. ಎಣ್ಣೆ ಹಚ್ಚಿ ತಿಕ್ಕಿದ ಕೈ, ಸೂಜಿ ಹಾಕಿಸಿದಾಗ ಅದುಮಿ ಹಿಡಿದ ಕೈ. ಅದನ್ನು ಹೀಗೆ, ಒಂದು ಹೊಡೆತಕ್ಕೆ ಎಷ್ಟು ಬಾಗುತ್ತದೆ ಎಂದು ನೋಡುವುದಕ್ಕೆ, ಹಿಡಿದಿರಲೇ ಇಲ್ಲ. "ಸಡಿಲ ಬಿಡು. ಭಯ ಇದ್ದರೆ ಕೈ ಗಟ್ಟಿಯಾಗ್ತದೆ," ಎಂದಳು. ತಮಿಳಿನಲ್ಲಿ, ಉಳಿದ ಹುಡುಗಿಯರಿಗೆ ಹೇಳಿದ ಹಾಗೆಯೇ. ಈಶ್ವರಿ ಸಡಿಲ ಬಿಟ್ಟಳು.

ಗಂಟೆ ಹೊಡೆದಾಗ ನಾಚಿಯಮ್ಮ ಜಗಲಿಯ ಕಂಬದ ಹತ್ತಿರ ನಿಂತಿದ್ದರು, ಯಾವಾಗಿನಿಂದ ನಿಂತಿದ್ದರೋ. "ಸೋಮವಾರದಿಂದ ಬನ್ನಿ. ಪರೀಕ್ಷೆ ಮುಗಿಯುವವರೆಗೆ ಟೆಂಪರರಿ. ಆಮೇಲೆ ನೋಡೋಣ," ಎಂದರು. ಹೊರಟವರು ತಿರುಗಿ, "ಸೀರೆಗೆ ಪಿನ್ನು ಹಾಕ್ಕೊಂಡು ಬನ್ನಿ," ಎಂದರು. ಪೆರಿಯನಾಯಕಿಗೆ ಉಸಿರಾಡುತ್ತ ತಲೆಯಾಡಿಸಲು ಮಾತ್ರ ಸಾಧ್ಯವಾಯಿತು.

ಶಾಲೆ ಬಿಟ್ಟ ಮೇಲೆ ಮನೆಯ ದಾರಿ. ಈಶ್ವರಿ ಗೆಳತಿಯರ ಜೊತೆ ಮುಂದೆ ಹೋಗುತ್ತಿದ್ದಳು, ಪೆರಿಯನಾಯಕಿ ಹಿಂದೆ. ತೊಡೆಗಳು ಕಂಪಿಸುತ್ತಿದ್ದವು, ಬಲಗೈ ಮೇಲೆತ್ತಲಾಗುತ್ತಿರಲಿಲ್ಲ. ನಾಳೆ ಏಳುವುದಕ್ಕೂ ಆಗುವುದಿಲ್ಲ. ಮುತ್ತಮ್ಮಾಳ್ ಎಣ್ಣೆ ಬಿಸಿಮಾಡಿ ತಂದು, ಯಾವ ಮಾತೂ ಆಡದೆ ತಿಕ್ಕುತ್ತಾರೆ. ಚೆನ್ನಕೇಶವನ್‌ಗೆ ಹೇಳಿದಾಗ ಅವನ ಮುಖ ಹೇಗಾಗಬಹುದೆಂದು ಊಹಿಸಿ ಒಬ್ಬಳೇ ನಕ್ಕಳು. ಅದರಾಗೇನು ನಷ್ಟ ಎಂದವನು ಈಗ ಬೆಳಗಿನ ಟಿಫನ್ ಕ್ಯಾರಿಯರು ಯಾರು ಕಟ್ಟುವುದೆಂದು ಲೆಕ್ಕ ಹಾಕಬೇಕು. ಗೆಳತಿಯರು ಒಬ್ಬೊಬ್ಬರಾಗಿ ಅಡ್ಡಬೀದಿಗಳಿಗೆ ತಿರುಗಿದರು. ಒಬ್ಬಳೇ ಉಳಿದ ಈಶ್ವರಿ ನಡಿಗೆ ನಿಧಾನ ಮಾಡಿದಳು. ತಾಯಿ ಪಕ್ಕಕ್ಕೆ ಬಂದಾಗಲೂ ರಸ್ತೆಯನ್ನೇ ನೋಡುತ್ತಿದ್ದಳು.

"ನಾ ಹೇಳಿಬಿಟ್ಟೆ," ಎಂದಳು ಕನ್ನಡದಲ್ಲಿ.

"ಏನನ್ನು?"

"ನೀ ನಮ್ಮಮ್ಮ ಅಂತ. ನೀ ಆ ಒಂದು ಹೊಡೆದ್ಯಲ್ಲ, ಧೂಳು ಎದ್ದಿತಲ್ಲ, ಅವಾಗ." ದಾರಿಯ ಕಲ್ಲೊಂದನ್ನು ಒದ್ದು, "ಯಾರೂ ನಂಬಲಿಲ್ಲ," ಎಂದಳು.

ಪೆರಿಯನಾಯಕಿ ಚೀಲವನ್ನು ಎಡಗೈಗೆ ಬದಲಾಯಿಸಿಕೊಂಡಳು. ತಾನೂ ಹೇಳಬೇಕು. ಮಗಳೇ, ಬೆಳಿಗ್ಗೆ ಒಂದು ಹಾಳೆಯಲ್ಲಿ ನಿನ್ನನ್ನು ಬಿಟ್ಟಿದ್ದೆ, ಬಿಟ್ಟದ್ದು ನೋಡಿ ಖುಷಿಪಟ್ಟೆ, ಹೊಟ್ಟೆಯಲ್ಲಿದ್ದಾಗಲೂ ಹೀಗೆಯೇ ಮಾಡಿದ್ದೆ. ಎಲ್ಲಿಂದ ಶುರುಮಾಡುವುದು? ಹನ್ನೆರಡರ ಹುಡುಗಿಗೆ ಇದರಲ್ಲಿ ಎಷ್ಟು ಹೇಳಬಹುದು? ಒಂದು ದಿನ ಹೇಳಿಯೇ ಹೇಳುತ್ತೇನೆ ಎನಿಸಿತು. ಹೇಳದೆಯೇ ಇರಬಹುದು ಎಂದೂ ಎನಿಸಿತು. "ಈಶ್ವರೀ," ಎಂದು ಬಾಯಿ ತೆರೆದಳು. ಅಷ್ಟರಲ್ಲಿ ಮುಂದೆ ರೈಲ್ವೆ ಗೇಟಿನ ಗಂಟೆ ಬಾರಿಸತೊಡಗಿತು. ಗೇಟಿನ ಮಯಿಲ್‌ಸಾಮಿ ಗುಡಿಸಲಿನಿಂದ ಹೊರಬಂದು ಚಕ್ರದ ಹಿಡಿ ಹಿಡಿದು ತಿರುಗಿಸುತ್ತಿದ್ದ. ಕೆಂಪು ಬಿಳಿಯ ಉದ್ದನೆಯ ತೋಳುಗಳೆರಡೂ ಆಕಾಶದಿಂದ ಕೆಳಗಿಳಿಯತೊಡಗಿದವು. ಹಾಕಿದರೆ ಗೂಡ್ಸು ಹೋಗುವವರೆಗೆ ಅರ್ಧ ಗಂಟೆ ನಿಲ್ಲಬೇಕು.

"ಅಮ್ಮಾ, ಓಡ್ಲಾ?" ಎಂದ ಈಶ್ವರಿ ಉತ್ತರಕ್ಕೆ ಕಾಯದೆ, ಪುಸ್ತಕದ ಚೀಲವನ್ನು ಎದೆಗವಚಿಕೊಂಡು ಹೊರಟೇಬಿಟ್ಟಳು. ಪೆರಿಯನಾಯಕಿ ಚಪ್ಪಲಿಗಳನ್ನು ಕೈಗೆ ತೆಗೆದುಕೊಂಡು ಸೀರೆ ಎತ್ತಿಹಿಡಿದು ಹಿಂದೆಯೇ ಬಿದ್ದಳು. ಮಯಿಲ್‌ಸಾಮಿ ಏನೋ ಕೂಗಿ ಬೈದ. ಸೈಕಲ್ಲಿನವರು ತಿರುಗಿ ನೋಡಿದರು. ಜಲ್ಲಿ ಅಂಗಾಲಿಗೆ ಚುಚ್ಚಿತು, ಹಳಿ ಸುಡುತ್ತಿತ್ತು. ಮೊದಲ ಹಳಿಯ ಹತ್ತಿರ ಮಗಳ ಜಡೆ ಅವಳ ಮುಂದಿತ್ತು. ಎರಡನೆಯದರ ಹತ್ತಿರ ಪಕ್ಕದಲ್ಲಿತ್ತು. ಈಶ್ವರಿ ನಗುತ್ತ, ಏದುಸಿರು ಬಿಡುತ್ತ ತಿರುಗಿ ನೋಡಿ ಇನ್ನೂ ಜೋರಾದಳು. ಮಗಳನ್ನು ಗೆಲ್ಲಲು ಬಿಡಬೇಕೆಂಬುದು ಪೆರಿಯನಾಯಕಿಗೆ ತೋಚಲೇ ಇಲ್ಲ. ಅವಳು ಓಡಿದಳು.